ಊರ ಮಂದಿರದ ಚರಿತ್ರೆ ಬರೆಯುವುದು ಹೇಗೆ? ಸ್ಮರಣ ಸಂಚಿಕೆ ಟೈಪ್ ಮಾಡುವವಳ ಸಲಹೆಗಳು

ಉಡುಪಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಉತ್ತರಕ್ರಿಯೆ ಕಾಗದ, ದೈವದ ನೇಮದ ಆಮಂತ್ರಣ, ರಶೀದಿ ಪುಸ್ತಕ ಎಲ್ಲ ಮಾಡುತ್ತೇನೆ. ಆದರೆ ಮಳೆ ಬಿಟ್ಟ ಮೇಲೆ ಮೇ ತಿಂಗಳ ತನಕ ನನ್ನ ದೊಡ್ಡ ಕೆಲಸ ಸ್ಮರಣ ಸಂಚಿಕೆಯದ್ದು. ಭಜನಾ ಮಂದಿರದ ಬೆಳ್ಳಿಹಬ್ಬ, ಯುವಕ ಮಂಡಲದ ಸುವರ್ಣ ಮಹೋತ್ಸವ, ಯಕ್ಷಗಾನ ಸಂಘದ ವಜ್ರ ಮಹೋತ್ಸವ. ಎಲ್ಲದರಲ್ಲೂ "ನಡೆದು ಬಂದ ದಾರಿ" ಅಂತ ಒಂದು ಲೇಖನ ಇರಲೇಬೇಕು.

ಆ ಲೇಖನ ನನಗೆ ಈಗ ಬಾಯಿಪಾಠ. ಮೊದಲ ಪ್ಯಾರಾದಲ್ಲಿ ಅರಬ್ಬೀ ಸಮುದ್ರ, ತೆಂಗು, ಕಂಗು. ಎರಡನೆಯದರಲ್ಲಿ ಹಿರಿಯರ ದೂರದೃಷ್ಟಿ. ಮೂರನೆಯದರಲ್ಲಿ ಅಧ್ಯಕ್ಷರ ಪಟ್ಟಿ. ಆಮೇಲೆ ಯಾವ ಯಾವ ಗಣ್ಯರು ಬಂದಿದ್ದರು ಎಂಬ ಪಟ್ಟಿ. ಕೊನೆಗೆ ಎಲ್ಲರಿಗೂ ವಂದನೆ. ಊರಿನ ಹೆಸರು ಬದಲಿಸಿ ಪಕ್ಕದ ಊರಿನ ಸಂಚಿಕೆಗೆ ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ಪ್ರಕಾರ ಒಂದು ಮಂದಿರದ ಚರಿತ್ರೆ ಎಂದರೆ, ಸಮಾರಂಭ ಇಲ್ಲದ ದಿನ ಸಂಜೆ ಏಳು ಗಂಟೆಗೆ ಅಲ್ಲಿ ಏನು ನಡೆಯುತ್ತಿತ್ತು ಎನ್ನುವುದು. ಕೀಲಿ ಯಾರ ಮನೆಯಲ್ಲಿತ್ತು, ಕಸ ಯಾರು ಗುಡಿಸುತ್ತಿದ್ದರು, ದೀಪದ ಎಣ್ಣೆಗೆ ದುಡ್ಡು ಎಲ್ಲಿಂದ ಬರುತ್ತಿತ್ತು. ಅದನ್ನು ಹುಡುಕಿ ಬರೆಯುವುದು ಹೇಗೆ ಅಂತ, ಅಂಗಡಿಗೆ ಬರುವ ಕಾರ್ಯದರ್ಶಿಗಳಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಭಜನಾ ಮಂದಿರವೇ ಆಗಲಿ, ಮಹಿಳಾ ಮಂಡಲವೇ ಆಗಲಿ, ನಾಟಕ ಸಂಘವೇ ಆಗಲಿ, ಕೆಲಸ ಒಂದೇ.

ಮೊದಲು ವರ್ಷದ ಜಗಳ ಮುಗಿಸಿ

ಸಂಚಿಕೆ ಸಮಿತಿಯ ಮೊದಲ ಮೀಟಿಂಗಿನಲ್ಲೇ ಜಗಳ ಶುರುವಾಗುತ್ತದೆ. ಒಬ್ಬರು 1962 ಅನ್ನುತ್ತಾರೆ, ಇನ್ನೊಬ್ಬರು 1971 ಅನ್ನುತ್ತಾರೆ. ಹೆಚ್ಚಿನ ಸಲ ಇಬ್ಬರೂ ಹೇಳುವುದು ಸರಿಯೇ. ನಮ್ಮ ಕಡೆಯ ಸಂಸ್ಥೆಗಳಿಗೆ ಮೂರು ಹುಟ್ಟುದಿನ ಇರುತ್ತವೆ. ಯಾರದೋ ಮನೆ ಚಾವಡಿಯಲ್ಲಿ ಶನಿವಾರ ಭಜನೆ ಶುರು ಮಾಡಿದ ವರ್ಷ ಒಂದು. ಸಂಘವನ್ನು ರಿಜಿಸ್ಟರ್ ಮಾಡಿದ ವರ್ಷ ಇನ್ನೊಂದು. ಸ್ವಂತ ಕಟ್ಟಡಕ್ಕೆ ಬಂದ ವರ್ಷ ಮತ್ತೊಂದು. ಮೂರನ್ನೂ ಬರೆಯಿರಿ. ಯಾವುದನ್ನು ಲೆಕ್ಕ ಹಿಡಿದು ಸುವರ್ಣ ಮಾಡುತ್ತಿದ್ದೀರಿ ಅಂತ ಒಂದು ಸಾಲು ಸೇರಿಸಿ. ಜಗಳ ಅಲ್ಲಿಗೆ ಮುಗಿಯಿತು.

ರಿಜಿಸ್ಟ್ರಿಯ ವರ್ಷ ಹುಡುಕುವುದು ಸುಲಭ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಅದರಡಿ ಕೊಟ್ಟ ಸರ್ಟಿಫಿಕೇಟಿನಲ್ಲಿ ನಂಬರ್, ತಾರೀಕು ಎರಡೂ ಇರುತ್ತವೆ. ಸರ್ಟಿಫಿಕೇಟ್ ಕಳೆದುಹೋಗಿದ್ದರೆ ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಅದರಲ್ಲೂ ಕೇಳಬಹುದು. ಉಡುಪಿಯವರು ಒಂದು ವಿಷಯ ನೆನಪಿಡಬೇಕು. ಉಡುಪಿ ಬೇರೆ ಜಿಲ್ಲೆ ಆದದ್ದು 1997ರ ಆಗಸ್ಟಿನಲ್ಲಿ. ಅದಕ್ಕಿಂತ ಮೊದಲಿನ ಸಂಘ ಆಗಿದ್ದರೆ ಮಂಗಳೂರಿನಲ್ಲೂ ಕೇಳಿ ನೋಡಿ. ಸಂಘ ಕಟ್ಟಲು ಕಡಿಮೆ ಎಂದರೆ ಏಳು ಜನ ಬೇಕು. ಆ ಮೂಲ ಅರ್ಜಿಯಲ್ಲಿ ಸಹಿ ಹಾಕಿದವರ ಹೆಸರಿನ ಜೊತೆ ಉದ್ಯೋಗವನ್ನೂ ಬರೆದಿರುತ್ತಾರೆ. ಬೀಡಿ ಕೆಲಸ, ಶಾಲಾ ಮಾಸ್ಟ್ರು, ಹೋಟೆಲ್, ಕೃಷಿ. ಆ ಪಟ್ಟಿ ಸಿಕ್ಕಿದರೆ ನಿಮ್ಮ ಲೇಖನದ ಅರ್ಧ ಅಲ್ಲೇ ಉಂಟು.

ಕಾಗದ ಎಲ್ಲೆಲ್ಲಿ ಇರುತ್ತದೆ

ಮಂದಿರದ ಕಪಾಟಿನಲ್ಲಿ ಇರುವುದು ಕಡಿಮೆ. ಅಲ್ಲಿ ಹಳೆಯ ಶಾಲು, ತುಂಡಾದ ತಾಳ, ಮುಗಿಯದ ರಶೀದಿ ಪುಸ್ತಕ ಸಿಗುತ್ತವೆ. ರಶೀದಿ ಪುಸ್ತಕ ಬಿಸಾಡಬೇಡಿ, ಅದರ ವಿಷಯ ಆಮೇಲೆ ಹೇಳುತ್ತೇನೆ. ನಿಜವಾದ ಕಡತ ಇರುವುದು ಹಳೆಯ ಕಾರ್ಯದರ್ಶಿಗಳ, ಕೋಶಾಧಿಕಾರಿಗಳ ಮನೆಯ ಅಟ್ಟದಲ್ಲಿ. ಅವರು ತೀರಿಹೋಗಿದ್ದರೆ ಸೊಸೆಯಂದಿರನ್ನು ಕೇಳಿ. ಮನೆ ರಿಪೇರಿಯ ಸಮಯದಲ್ಲಿ ಯಾವ ಟ್ರಂಕ್ ಎಲ್ಲಿಗೆ ಹೋಯಿತು ಅಂತ ಗಂಡುಮಕ್ಕಳಿಗಿಂತ ಸೊಸೆಯಂದಿರಿಗೆ ಚೆನ್ನಾಗಿ ಗೊತ್ತು.

ಹುಡುಕಬೇಕಾದದ್ದು ನಡಾವಳಿ ಪುಸ್ತಕ, ಜಮಾ ಖರ್ಚಿನ ಪುಸ್ತಕ, ಆಮಂತ್ರಣ ಪತ್ರಿಕೆ, ಹ್ಯಾಂಡ್‌ಬಿಲ್, ಕರೆಂಟ್ ಬಿಲ್, ಫೋಟೋ, ಮನಿ ಆರ್ಡರ್ ಕೂಪನ್. ಈ ಕೂಪನ್ ಅಂದರೆ ಮನಿ ಆರ್ಡರ್ ಫಾರ್ಮಿನ ಕೆಳಗಿನ ತುಂಡು. ಮುಂಬಯಿಯಲ್ಲಿ ಹೋಟೆಲ್ ಕೆಲಸ ಮಾಡಿಕೊಂಡು ರಾತ್ರಿ ಶಾಲೆ ಓದಿದ ಹುಡುಗರು ಊರಿನ ಮಂದಿರಕ್ಕೆ ದುಡ್ಡು ಕಳಿಸುವಾಗ ಅದರಲ್ಲಿ ಎರಡು ಸಾಲು ಬರೆಯುತ್ತಿದ್ದರು. "ಈ ಸಲ ಏಕಾಹಕ್ಕೆ ಬರಲು ಆಗುವುದಿಲ್ಲ, ಹಾರ್ಮೋನಿಯಂ ರಿಪೇರಿಗೆ ಇದು ಇರಲಿ" ಅನ್ನುವಂಥದ್ದು. (ಏಕಾಹ ಅಂದರೆ ಒಂದು ಹಗಲು, ಒಂದು ರಾತ್ರಿ ಬಿಡದೆ ನಡೆಯುವ ಭಜನೆ.) ಇಡೀ ಸಂಚಿಕೆಯಲ್ಲಿ ಅದಕ್ಕಿಂತ ಒಳ್ಳೆಯ ವಾಕ್ಯ ಇನ್ನೊಂದು ಇರುವುದಿಲ್ಲ. ಮುಂಬಯಿ ಸಮಿತಿ ಇದ್ದ ಊರಾದರೆ ಅಲ್ಲಿನವರ ಹತ್ತಿರವೂ ಕೇಳಿ. ನಮ್ಮ ಕಡೆಯ ಸಮಾಜದ ಸಂಘಗಳು ಅಲ್ಲಿಂದ ಹೊರಡಿಸುವ "ಮೊಗವೀರ", "ಅಕ್ಷಯ" ಮುಂತಾದ ಮಾಸಿಕಗಳಲ್ಲಿ ಊರಿನ ಸುದ್ದಿ ಎಷ್ಟೋ ಸಿಗುತ್ತದೆ.

ಜಮಾ ಖರ್ಚಿನ ಪುಸ್ತಕವನ್ನು ಕಥೆ ಓದಿದ ಹಾಗೆ ಓದಿ. ನನ್ನ ತವರು ಮಲ್ಪೆ ಕಡೆಯ ಕಡಲ ಕರೆಯ ಊರು. ಅಲ್ಲಿನ ಮಂದಿರದ ಹಳೆಯ ಪುಸ್ತಕದಲ್ಲಿ "ರಂಪಣಿ ಪಾಲು" ಎಂಬ ಜಮಾ ಮತ್ತೆ ಮತ್ತೆ ಬರುತ್ತದೆ. ಊರೆಲ್ಲ ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ ರಂಪಣಿ. ಸಿಕ್ಕಿದ ಮೀನಿನಲ್ಲಿ ಮಂದಿರಕ್ಕೂ ಒಂದು ಪಾಲು. 1970ರ ದಶಕದ ನಡುವಿನಲ್ಲಿ, ಕಡಲಲ್ಲೇ ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಬೋಟುಗಳು ಬಂದವು, ರಂಪಣಿ ಕಡಿಮೆಯಾಗುತ್ತ ಬಂತು. ಪುಸ್ತಕದಲ್ಲೂ ಆ ಸಾಲು ತೆಳುವಾಗಿ ಒಂದು ದಿನ ನಿಂತೇ ಹೋಗುತ್ತದೆ. ಆಮೇಲೆ "ಬೋಟಿನವರಿಂದ" ಅಂತ ಬೇರೆ ಬೇರೆ ಹೆಸರಿನಲ್ಲಿ ದೇಣಿಗೆ ಶುರು. ಮೊದಲು ಊರಿನ ಪಾಲು, ಆಮೇಲೆ ವ್ಯಕ್ತಿಗಳ ದೇಣಿಗೆ. ದೇಣಿಗೆಯ ಜೊತೆ ಗೋಡೆಯ ಮೇಲೆ ಹೆಸರಿನ ಕಲ್ಲೂ ಬಂತು. ಇದನ್ನು ಯಾವ ಅಧ್ಯಕ್ಷರ ಭಾಷಣವೂ ಹೇಳುವುದಿಲ್ಲ.

ಸಿಕ್ಕಿದ ಕಾಗದವನ್ನು ಲ್ಯಾಮಿನೇಟ್ ಮಾಡಿಸಬೇಡಿ. ಒಳಗೆ ತೇವ ಸೇರಿಕೊಂಡರೆ ಮತ್ತೆ ತೆಗೆಯಲು ಬರುವುದಿಲ್ಲ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೇಲಿಂದ ನೇರವಾಗಿ ಮೊಬೈಲಿನಲ್ಲಿ ಫೋಟೋ ತೆಗೆದು, ಮೂಲ ಕಾಗದವನ್ನು ಕೊಟ್ಟ ಮನೆಗೇ ಹಿಂದೆ ಕೊಡಿ. ಹಿಂದೆ ಕೊಟ್ಟರೆ ಮಾತ್ರ ಮುಂದಿನ ಮನೆಯ ಟ್ರಂಕ್ ತೆರೆಯುತ್ತದೆ. ಫೋಟೋದ ಹಿಂಬದಿಯಲ್ಲಿ ಹೆಸರು ಬರೆಯುವುದಿದ್ದರೆ ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಎದುರಿಗೆ ಇಳಿಯುತ್ತದೆ. ಸ್ಟುಡಿಯೋದ ಸೀಲ್ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.

ತಾರೀಕು ಇಲ್ಲದ ಕಾಗದಕ್ಕೆ ವರ್ಷ ಹಿಡಿಯುವುದು

ಇದು ನನಗೆ ಬಹಳ ಇಷ್ಟದ ಭಾಗ, ಸ್ವಲ್ಪ ಉದ್ದ ಬರೆಯುತ್ತೇನೆ. ನನ್ನ ಅಪ್ಪ ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಕಾಗದವನ್ನು ಓದುವ ಮೊದಲು ಮುಟ್ಟಿ ನೋಡಬೇಕು ಅಂತ ಕಲಿಸಿದವರು ಅವರೇ.

ಹ್ಯಾಂಡ್‌ಬಿಲ್ಲಿನ ಹಿಂಬದಿಯನ್ನು ಬೆರಳಲ್ಲಿ ಸವರಿ. ಅಕ್ಷರ ಒತ್ತಿದ ಗುರುತು ಕೈಗೆ ಸಿಕ್ಕಿದರೆ ಅದು ಮೊಳೆಯ ಪ್ರೆಸ್ಸಿನದ್ದು. ನುಣ್ಣಗಿದ್ದರೆ ಆಫ್‌ಸೆಟ್, ಅಂದರೆ ಈಚಿನದ್ದು. ಶಾಯಿ ಹರಡಿ ಅಕ್ಷರ ಮಸುಕಾಗಿ, ಕೈಬರಹದ ಹಾಗೆ ಕಂಡರೆ ಸೈಕ್ಲೋಸ್ಟೈಲ್. ಪ್ರೆಸ್ಸಿಗೆ ಕೊಡಲು ದುಡ್ಡಿಲ್ಲದ ಯುವಕ ಮಂಡಲಗಳು ನಾಟಕದ ನೋಟೀಸನ್ನು ಹಾಗೆ ಮಾಡಿಸುತ್ತಿದ್ದವು.

ಆಮೇಲೆ ದುಡ್ಡು ನೋಡಿ. ರಶೀದಿಯಲ್ಲಿ ರೂಪಾಯಿ, ಆಣೆ, ಪೈ ಅಂತ ಮೂರು ಕಾಲಂ ಇದ್ದರೆ ಅದು ಅಚ್ಚಾದದ್ದು 1957ಕ್ಕಿಂತ ಮೊದಲು. ಆ ವರ್ಷ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬಂತು. "ನ.ಪೈ." ಅಂತ ಇದ್ದರೆ ಅದು ನಯಾ ಪೈಸೆ. 1957ರಿಂದ 1964ರ ತನಕ ಆ ಹೆಸರು ಇತ್ತು. ಹಳೆಯ ಪುಸ್ತಕ ಮುಗಿಯುವ ತನಕ ಅದನ್ನೇ ಬಳಸುವ ಕೋಶಾಧಿಕಾರಿಗಳು ಎಲ್ಲ ಊರಲ್ಲೂ ಇದ್ದಾರೆ, ಹಾಗಾಗಿ ಒಂದೆರಡು ವರ್ಷ ಆಚೀಚೆ ಹಿಡಿಯಿರಿ.

ಸರಕಾರದ ಹೆಸರೂ ಸಹಾಯ ಮಾಡುತ್ತದೆ. 1956ರ ನವೆಂಬರ್ 1ರ ತನಕ ನಾವು ಮದ್ರಾಸಿಗೆ ಸೇರಿದ್ದೆವು. "ಮೈಸೂರು ರಾಜ್ಯ" ಅಂತ ಇದ್ದರೆ ಅಲ್ಲಿಂದ 1973ರ ಒಳಗಿನದ್ದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ನಂತರದ್ದು. "ದ.ಕ. ಜಿಲ್ಲೆ, ಉಡುಪಿ ತಾಲೂಕು" ಎಂದಿದ್ದರೆ 1997ಕ್ಕಿಂತ ಹಿಂದಿನದ್ದು. ಕರೆಂಟ್ ಬಿಲ್ಲಿನಲ್ಲಿ ಕೆ.ಇ.ಬಿ. ಇದ್ದರೆ 1999ಕ್ಕಿಂತ ಮೊದಲು, ಮೆಸ್ಕಾಂ ಇದ್ದರೆ 2002ರ ನಂತರ. ಮೊದಲ ಕರೆಂಟ್ ಬಿಲ್ ಸಿಕ್ಕಿದರಂತೂ ಬಂಗಾರ ಸಿಕ್ಕಿದ ಹಾಗೆ. ಗ್ಯಾಸ್‌ಲೈಟಿನ ಕಾಲ ಯಾವಾಗ ಮುಗಿಯಿತು ಅಂತ ಅದೇ ಹೇಳುತ್ತದೆ.

ಆಮಂತ್ರಣದಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದು ಇಸವಿ ಇಲ್ಲದಿದ್ದರೆ? ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ, ಆದ್ದರಿಂದ ಗೊಂದಲ ಕಡಿಮೆ. ಕೀಲಕ ಅಂದರೆ 1968-69. ಪರಾಭವ 1966-67, ಇನ್ನೊಮ್ಮೆ 2026-27. ಒಂದು ಎಚ್ಚರಿಕೆ: ಜನವರಿ, ಫೆಬ್ರವರಿಯ ಕಾರ್ಯಕ್ರಮ ಹಿಂದಿನ ಯುಗಾದಿಯ ಸಂವತ್ಸರಕ್ಕೆ ಸೇರುತ್ತದೆ. ಕೀಲಕ ಸಂವತ್ಸರದ ಮಕರ ಮಾಸದ ಭಜನಾ ಮಂಗಳೋತ್ಸವ 1969ರಲ್ಲಿ ಆದದ್ದು, 1968ರಲ್ಲಿ ಅಲ್ಲ.

ಉಡುಪಿ ಆಸುಪಾಸಿನ ಹಿರಿಯರು ಇಸವಿ ಹೇಳುವುದಿಲ್ಲ, ಪರ್ಯಾಯ ಹೇಳುತ್ತಾರೆ, ಅಂದರೆ ಉಡುಪಿ ಕೃಷ್ಣನ ಪೂಜೆ ಆಗ ಯಾವ ಮಠದ ಸರದಿಯಲ್ಲಿತ್ತು ಅಂತ. "ಪೇಜಾವರದವರ ಪರ್ಯಾಯದಲ್ಲಿ ನಮ್ಮ ಮಂದಿರದ ಹೆಂಚು ಹಾಕಿದ್ದು." ಇದು ತುಂಬ ಒಳ್ಳೆಯ ಸುಳಿವು. ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ ಮಠ ಬದಲಾಗುತ್ತದೆ. ಅಷ್ಟ ಮಠಗಳ ಸುತ್ತು ಮುಗಿಯಲು ಹದಿನಾರು ವರ್ಷ. ಪೇಜಾವರ ಮಠದ ಪರ್ಯಾಯ 1952, 1968, 1984, 2000, 2016ರಲ್ಲಿ ಶುರುವಾಯಿತು. ಪುತ್ತಿಗೆಯದ್ದು 1976, 1992, 2008, 2024ರಲ್ಲಿ. ಹೇಳಿದವರಿಗೆ ಆಗ ಮದುವೆ ಆಗಿತ್ತೋ, ಶಾಲೆಗೆ ಹೋಗುತ್ತಿದ್ದರೋ ಅಂತ ಕೇಳಿದರೆ ಯಾವ ಸುತ್ತು ಅಂತ ಗೊತ್ತಾಗುತ್ತದೆ.

ಮಂಗಳೂರು ಕಡೆಯವರಿಗೆ ಬೇರೆ ಗೂಟಗಳು. ನೇತ್ರಾವತಿಯ 1923ರ ಮಾರಿ ಬೊಳ್ಳ (ಮಹಾ ನೆರೆ), 1974ರ ನೆರೆ, ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾದ 1975, ಆಕಾಶವಾಣಿ ಮಂಗಳೂರು ಶುರುವಾದ 1976, ಕೊಂಕಣ ರೈಲು ಪೂರ್ತಿ ಓಡಿದ 1998. "ರೇಡಿಯೋದಲ್ಲಿ ನಮ್ಮ ತಂಡದ ಭಜನೆ ಬಂದಿತ್ತು" ಅಂದರೆ, ಅದು ಮಂಗಳೂರು ಕೇಂದ್ರವೇ ಆದರೆ 1976ರ ಡಿಸೆಂಬರಿಗಿಂತ ಹಿಂದೆ ಹೋಗಲು ಸಾಧ್ಯ ಇಲ್ಲ.

ಹೆಂಚಿನ ಬಗ್ಗೆ ಒಂದು ಮಾತು. ಮಾಡು (ಛಾವಣಿ) ಬಿಚ್ಚುವಾಗ ಬಾಸೆಲ್ ಮಿಶನ್ ಹೆಂಚು ಸಿಗುತ್ತದೆ, ಅದರಲ್ಲಿ 1865 ಅಂತ ಅಚ್ಚಾಗಿರುತ್ತದೆ. ಕೂಡಲೇ "ನಮ್ಮ ಮಂದಿರ 1865ರದ್ದು" ಅಂತ ಬರೆದು ತರುತ್ತಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಅವರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ ಮಾರಾಯ್ರೆ. ಹೆಂಚು ಸುಟ್ಟ ವರ್ಷ ಅಲ್ಲ, ನಿಮ್ಮ ಮಾಡಿಗೆ ಹೊದೆಸಿದ ವರ್ಷವಂತೂ ಅಲ್ಲವೇ ಅಲ್ಲ. ಹಳೆ ಮನೆಯ ಹೆಂಚನ್ನು ತಂದು ಮಂದಿರಕ್ಕೆ ಹಾಕುವುದು ಆಗ ಸಾಮಾನ್ಯ. ಯಾರ ಮನೆಯ ಹೆಂಚು ಅಂತ ಕೇಳಿ, ಅದು ಹೆಚ್ಚು ಉಪಯೋಗದ ಪ್ರಶ್ನೆ.

ಜನರ ಹತ್ತಿರ ಮಾತಾಡುವಾಗ

"ನಿಮ್ಮ ಅನುಭವ ಹೇಳಿ" ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ಒಂದೋ ಭಾಷಣ ಬರುತ್ತದೆ, ಇಲ್ಲವಾದರೆ ಮೌನ. ವಸ್ತುವಿನ ಬಗ್ಗೆ ಕೇಳಿ. ಮೊದಲ ಮೈಕ್ ಎಲ್ಲಿಂದ ಬಂತು? ಚಾಪೆ ಯಾರ ಮನೆಯದ್ದು? ಭಜನೆ ಮುಗಿದ ಮೇಲೆ ಪಂಚಕಜ್ಜಾಯವೋ, ಅವಲಕ್ಕಿಯೋ? ನಾಟಕದ ಪ್ರಾಕ್ಟೀಸ್ ರಾತ್ರಿ ಎಷ್ಟು ಗಂಟೆ ತನಕ, ಚಾ ಯಾರು ಕೊಡುತ್ತಿದ್ದರು? ಪರದೆ ಬಾಡಿಗೆಗೆ ಎಲ್ಲಿಂದ ತರುತ್ತಿದ್ದಿರಿ? ಸೀತೆಯ ವೇಷ ಹಾಕುತ್ತಿದ್ದ ಹುಡುಗ ಯಾರು, ಅವನಿಗೆ ಸೀರೆ ಕೊಟ್ಟದ್ದು ಯಾರು?

ನಮ್ಮೂರಿನ ಒಬ್ಬರು ದೊಡ್ಡಮ್ಮನನ್ನು ಕೇಳಿದ್ದೆ.

"ಮಂದಿರಕ್ಕೆ ನೀವು ಎಂತ ಎಲ್ಲ ಮಾಡಿದ್ದೀರಿ ದೊಡ್ಡಮ್ಮ?"

"ನಾನೆಂತ ಮಾಡ್ಲಿಕ್ಕುಂಟು ಮಗಾ, ಅದೆಲ್ಲ ಗಂಡಸರು ಮಾಡಿದ್ದು."

"ಏಕಾಹದ ದಿನ ಅಡುಗೆ ಎಲ್ಲಿ ಆಗ್ತಿತ್ತು?"

ಅಷ್ಟೇ. ಅಲ್ಲಿಂದ ಅವರನ್ನು ನಿಲ್ಲಿಸಲು ಆಗಲಿಲ್ಲ. ಒಲೆಗೆ ಕಲ್ಲು ಇಟ್ಟದ್ದು, ಯಾವ ಮನೆಯಿಂದ ದೊಡ್ಡ ಚರಿಗೆ ಬಂದದ್ದು, ಬಾವಿ ನೀರು ಉಪ್ಪಾದ ವರ್ಷ ಕೊಡಪಾನದಲ್ಲಿ ದೂರದಿಂದ ಹೊತ್ತದ್ದು, ಇಡೀ ರಾತ್ರಿ ಭಜನೆ ಕೇಳಿಸುತ್ತಿದ್ದರೂ ಒಮ್ಮೆಯೂ ಒಳಗೆ ಕುಳಿತು ಕೇಳದೆ ಇದ್ದದ್ದು. ಆ ಹೆಂಗಸರ ಹೆಸರು ಯಾವ ನಡಾವಳಿಯಲ್ಲೂ ಇಲ್ಲ. ನೀವು ಬರೆಯದಿದ್ದರೆ ಇನ್ನು ಬರೆಯುವವರೂ ಇಲ್ಲ.

ಮನೆಯಲ್ಲಿ ತುಳು ಮಾತಾಡುವವರ ಹತ್ತಿರ ತುಳುವಿನಲ್ಲೇ ಕೇಳಿ, ಕೊಂಕಣಿಯವರ ಹತ್ತಿರ ಕೊಂಕಣಿಯಲ್ಲಿ, ಬ್ಯಾರಿ ಮನೆಯಲ್ಲಿ ಬ್ಯಾರಿಯಲ್ಲಿ. ಮೊಬೈಲ್ ತೋರಿಸಿ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಎಲ್ಲರೂ ಟಿವಿಯವರ ಎದುರು ನಿಂತ ಹಾಗೆ ನೆಟ್ಟಗಾಗಿ ಬಿಡುತ್ತಾರೆ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ. ಫ್ಯಾನ್ ಆಫ್ ಮಾಡಿ. ಶೀಟ್ ಮಾಡಿನ ಮನೆಗೆ ಆಟಿ ತಿಂಗಳಲ್ಲಿ ಹೋಗಬೇಡಿ, ಮಳೆ ಸದ್ದು ಬಿಟ್ಟರೆ ಬೇರೆ ಏನೂ ಸಿಗುವುದಿಲ್ಲ. ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸುವುದು ಒಳ್ಳೆಯದೇ, ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿ ಕೊಡುತ್ತಾರೆ. ಆದರೆ ಮಾಜಿ ಅಧ್ಯಕ್ಷರ ಜೊತೆ ಅವರ ಕೈಕೆಳಗೆ ದುಡಿದವರನ್ನು ಕೂರಿಸಬೇಡಿ. ಅಧ್ಯಕ್ಷರೇ ಮಾತಾಡುತ್ತಾರೆ.

ಒಂದು ವಾರದ ಪಟ್ಟಿ ಮಾಡಿ

ಸಂಸ್ಥೆಯ ಪಾತ್ರ, ಕೊಡುಗೆ ಅಂತ ದೊಡ್ಡ ಮಾತು ಬರೆಯುವ ಬದಲು ನಾನೊಂದು ಉಪಾಯ ಹೇಳುತ್ತೇನೆ. ಹಳೆಯದೊಂದು ವರ್ಷ ಆರಿಸಿ, 1985 ಅಂತ ಇಟ್ಟುಕೊಳ್ಳಿ. ಆ ವರ್ಷದ ಒಂದು ಮಾಮೂಲಿ ವಾರದಲ್ಲಿ ಕಟ್ಟಡದೊಳಗೆ ಏನೇನು ನಡೆಯಿತು ಅಂತ ಸೋಮವಾರದಿಂದ ಭಾನುವಾರದ ತನಕ ಬರೆಯಿರಿ. ಪಕ್ಕದಲ್ಲಿ ಈ ವರ್ಷದ ಒಂದು ವಾರ.

ಹಳೆಯ ವಾರದಲ್ಲಿ ಏನಿರುತ್ತದೆ? ಬೆಳಿಗ್ಗೆ ಬಾಲವಾಡಿ ಅಥವಾ ಅಂಗನವಾಡಿ. ಮಧ್ಯಾಹ್ನ ಮಹಿಳಾ ಮಂಡಲದ ಹೊಲಿಗೆ ತರಗತಿ. ಸಂಜೆ ಪೇಪರ್ ಓದಲು ಬರುವವರು, ಯಾಕೆಂದರೆ ಊರಿಗೆ ಪೇಪರ್ ಬರುತ್ತಿದ್ದದ್ದೇ ಅಲ್ಲಿಗೆ. ಎರಡು ದಿನ ಯಕ್ಷಗಾನದ ಹೆಜ್ಜೆ ಕಲಿಸುವ ಗುರುಗಳು. ಶನಿವಾರ ಭಜನೆ. ಭಾನುವಾರ ಕೇರಂ, ವಾಲಿಬಾಲ್, ಶ್ರಮದಾನ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ, ವೇಷ ಇಲ್ಲದೆ ಕುಳಿತು ಆಡುವ ತಾಳಮದ್ದಳೆ. ನವರಾತ್ರಿಗೆ ಮನೆಮನೆಗೆ ಹೂವಿನಕೋಲು ಹೊರಡುವ ಮಕ್ಕಳ ಅಭ್ಯಾಸ. ಈಗಿನ ವಾರದಲ್ಲಿ ಏನುಂಟು? ಸ್ವಸಹಾಯ ಸಂಘದ ಸಭೆ, ಒಂದು ಸೀಮಂತಕ್ಕೆ ಹಾಲ್ ಬಾಡಿಗೆ, ಶನಿವಾರ ಐದಾರು ಜನರ ಭಜನೆ. ಮೂರು ದಿನ ಬೀಗ. ಬೀಗ ಇದ್ದರೆ ಬೀಗ ಅಂತಲೇ ಬರೆಯಿರಿ. ಕೆಲವು ಕಡೆ ಉಲ್ಟಾ ಉಂಟು: ಈಗ ಹುಡುಗಿಯರ ಕುಣಿತ ಭಜನೆ ತಂಡ, ಮಕ್ಕಳ ಯಕ್ಷಗಾನ ತರಗತಿ ಅಂತ ಮೊದಲಿಗಿಂತ ಜಾಸ್ತಿ ಚಟುವಟಿಕೆ. ಆ ಪಟ್ಟಿ ಓದಿದವರಿಗೆ ಪಾತ್ರವೂ ಗೊತ್ತಾಗುತ್ತದೆ, ಕೊಡುಗೆಯೂ ಗೊತ್ತಾಗುತ್ತದೆ.

ವಾರದ ಪಟ್ಟಿಯಲ್ಲಿ ಬಾರದ ಕೆಲಸಗಳೂ ಇರುತ್ತವೆ. ಮತದಾನದ ಬೂತ್, ಪೋಲಿಯೋ ಹನಿ, ರಕ್ತದಾನ ಶಿಬಿರ, ನೆರೆ ಬಂದಾಗ ಮನೆ ಬಿಟ್ಟವರಿಗೆ ಜಾಗ. ತೀರಿಹೋದವರಿಗೆ ನುಡಿನಮನ. ಇದನ್ನೆಲ್ಲ ಒಂದೇ ಪ್ಯಾರಾದಲ್ಲಿ ಮುಗಿಸಬಹುದು.

ದೊಡ್ಡ ಸಂಸ್ಥೆಗಳಿಂದ ಕಲಿಯುವುದೂ ಉಂಟು. ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಸಾಂಸ್ಕೃತಿಕ ಸಂಸ್ಥೆ ಮಾಂಡ್ ಸೊಭಾಣ್‌ನವರು ತಿಂಗಳ ವೇದಿಕೆ ನಡೆಸುತ್ತಾರೆ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಹಾಕುತ್ತಾರೆ. ಇಷ್ಟು ಸಣ್ಣ ಅಭ್ಯಾಸ ಮಾಡಿದ್ದರೆ ಮುಂದೆ ಯಾರೂ ಟ್ರಂಕ್ ಹುಡುಕಬೇಕಾಗಿಲ್ಲ. ಉಡುಪಿಯ ಯಕ್ಷಗಾನ ಕೇಂದ್ರ 1971ರಲ್ಲಿ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಶುರುವಾಯಿತು. ಶಿವರಾಮ ಕಾರಂತ, ಕು.ಶಿ. ಹರಿದಾಸ ಭಟ್ಟರು ಅದರ ಹಿಂದೆ ಇದ್ದರು. ನಿಮ್ಮ ಊರಿನ ಯಕ್ಷಗಾನ ಗುರುಗಳು ಅಲ್ಲಿ ಕಲಿತವರೇ ಅಂತ ಕೇಳಿ ನೋಡಿ. ಹೌದಾದರೆ ಮಂದಿರದ ಕಥೆ ಊರಿನ ಗಡಿ ದಾಟುತ್ತದೆ.

ಬರೆಯಲು ಮುಜುಗರ ಆಗುವ ವಿಷಯಗಳು

ಜಾಗ ಯಾರದ್ದು? "ಧಣಿಗಳು ದಾನ ಕೊಟ್ಟರು" ಅಂತ ಎಲ್ಲರೂ ಬರೆಯುತ್ತಾರೆ. ಪಹಣಿ ತೆಗೆಸಿ ನೋಡಿ. ಕೆಲವು ಕಡೆ ಅದು ಕುಮ್ಕಿ ಜಾಗ, ಅಂದರೆ ಸರಕಾರದ್ದೇ. ಕೆಲವು ಕಡೆ ಗೇಣಿಯವರು ಬೇಸಾಯ ಮಾಡುತ್ತಿದ್ದ ಜಾಗ. 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್ ಆಗಿ ಗೇಣಿದಾರರ ಹೆಸರಿಗೆ ಬಂದು, ಅವರು ಮಂದಿರಕ್ಕೆ ಬಿಟ್ಟುಕೊಟ್ಟಿರಲೂಬಹುದು. ಹಾಗಿದ್ದರೆ ದಾನಿಯ ಹೆಸರು ಬೇರೆಯೇ ಆಗುತ್ತದೆ. ದಾಖಲೆ ಸಿಗುವ ತನಕ ದಾನದ ವಾಕ್ಯ ಬರೆಯಬೇಡಿ. ಕಟ್ಟಡದ ತೆರಿಗೆ, ಲೈಸೆನ್ಸಿನ ವಿಷಯಕ್ಕೂ ಮುಂದೆ ಅದೇ ಕಾಗದ ಬೇಕಾಗುತ್ತದೆ.

ಇನ್ನೊಂದು ಪ್ರಶ್ನೆ: ಒಳಗೆ ಬರದವರು ಯಾರು? ಎಲ್ಲರ ಮಂದಿರ ಅಂತ ಬೋರ್ಡಿನಲ್ಲಿ ಇದ್ದರೂ ಹೊರಗೆ ಅಂಗಳದಲ್ಲಿ ನಿಂತು ಭಜನೆ ಕೇಳಿದವರು ಇದ್ದರು, ಬೇರೆ ಪಂಕ್ತಿಯಲ್ಲಿ ಕುಳಿತವರೂ ಇದ್ದರು. ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರು ಇಟ್ಟಿದ್ದಾರೆ. ದಲಿತ ಮಕ್ಕಳಿಗೆ ಶಾಲೆ ತೆರೆದದ್ದಕ್ಕೆ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದ ಮನುಷ್ಯ ಅವರು. ಹೆಸರು ಇಡುವುದು ಸುಲಭ. ನಮ್ಮ ಊರಿನ ಹಾಲಿನಲ್ಲಿ ಎಲ್ಲರೂ ಒಂದೇ ಚಾಪೆಯಲ್ಲಿ ಕುಳಿತದ್ದು ಯಾವ ವರ್ಷದಿಂದ ಅಂತ ಬರೆಯುವುದು ಕಷ್ಟ. ಯಾರ ಹೆಸರನ್ನೂ ಎತ್ತದೆ, ಯಾರನ್ನೂ ದೂರದೆ ಎರಡು ಸಾಲು ಬರೆಯಬಹುದು. ಸಮಿತಿಯಲ್ಲಿ ಒಬ್ಬರಾದರೂ "ಅದು ಬೇಕಾ ಈಗ?" ಅನ್ನುತ್ತಾರೆ. ಬೇಕು.

ಸಂಘ ಒಡೆದ ಕಥೆಯೂ ಹಾಗೆಯೇ. ಒಂದು ರಸ್ತೆಯ ಎರಡು ಬದಿಯಲ್ಲಿ ಎರಡು ಯುವಕ ಮಂಡಲ ಇದ್ದರೆ ಕಾರಣ ಊರಿಗೆಲ್ಲ ಗೊತ್ತು. "ಕಾರಣಾಂತರದಿಂದ" ಎಂಬ ಪದ ಹಾಕಿ ದಾಟಬೇಡಿ. ಅಷ್ಟಮಿಯ ಮೊಸರು ಕುಡಿಕೆಯ ಲೆಕ್ಕದಲ್ಲಿ ಭಿನ್ನಾಭಿಪ್ರಾಯ ಆಯಿತು ಅಂತ ಬರೆದರೆ ಆಕಾಶ ಏನೂ ಬೀಳುವುದಿಲ್ಲ. ಆದರೆ ಎರಡೂ ಕಡೆಯವರಿಗೆ ಓದಿಸಿ, ಮತ್ತೆ ನನಗೆ ಕೊಡಿ.

ಪ್ರೆಸ್ಸಿಗೆ ಕೊಡುವ ಮೊದಲು

ಮೊಬೈಲಿನಲ್ಲಿ ಯೂನಿಕೋಡಿನಲ್ಲೇ ಟೈಪ್ ಮಾಡಿ ಕಳಿಸಿ. ಹಳೆಯ "ನುಡಿ", "ಬರಹ" ತಂತ್ರಾಂಶದ ಫೈಲ್ ಇದ್ದರೆ ಅದನ್ನೂ ಕೊಡಿ, ಬದಲಿಸಬಹುದು. ಆದರೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಆಚೀಚೆ ಆಗುತ್ತವೆ, ಆದ್ದರಿಂದ ಪ್ರೂಫ್ ಓದಲೇಬೇಕು. ಬಾಯಲ್ಲಿ ಹೇಳಿ ಟೈಪ್ ಮಾಡಿಸಿದ್ದಾದರೆ ಮನೆಯ ಹೆಸರು, ಊರಿನ ಹೆಸರು ಒಂದೊಂದನ್ನೂ ನೋಡಿ. ಫೋನಿಗೆ ನಮ್ಮ ಊರಿನ ಹೆಸರುಗಳು ಗೊತ್ತಿಲ್ಲ.

ಫೋಟೋವನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಗುಂಪಿನ ಫೋಟೋಕ್ಕೆ ಎಡದಿಂದ ಬಲಕ್ಕೆ, ಕುಳಿತವರು, ನಿಂತವರು ಅಂತ ಹೆಸರು ಬರೆಯಿರಿ. ಗೊತ್ತಿಲ್ಲದವರ ಜಾಗದಲ್ಲಿ ಅಂದಾಜಿಗೆ ಹೆಸರು ಹಾಕಬೇಡಿ, ಖಾಲಿ ಬಿಡಿ. ಹೆಸರಿನ ಹಿಂದೆ "ದಿ." ಹಾಕುವ ಮೊದಲು ದಯವಿಟ್ಟು ಫೋನ್ ಮಾಡಿ ಕೇಳಿ. ಮುಂಬಯಿಯಲ್ಲಿ ಆರಾಮಾಗಿ ಇರುವ ಮಾಜಿ ಕೋಶಾಧಿಕಾರಿಗಳು ತಮ್ಮ ಹೆಸರಿನ ಹಿಂದೆ ಅದನ್ನು ಓದುವ ಹಾಗೆ ಆಗಬಾರದು, ಅಲ್ವಾ?

ಪುಟಗಳ ಲೆಕ್ಕ ನಾಲ್ಕರ ಗುಣಕದಲ್ಲಿ ಬರಬೇಕು. ದೊಡ್ಡ ಪುಸ್ತಕ ಆದರೆ ಹದಿನಾರು ಪುಟದ ಫಾರಂ ಲೆಕ್ಕ. ಜಾಹೀರಾತು ಕೊನೆಯ ತನಕ ಬರುತ್ತಲೇ ಇರುತ್ತದೆ, ಅದಕ್ಕೆ ಜಾಗ ಮಾಡಲು ಎಲ್ಲರೂ ಮೊದಲು ಕತ್ತರಿ ಹಾಕುವುದು ಚರಿತ್ರೆಯ ಲೇಖನಕ್ಕೆ. ಆದ್ದರಿಂದ ಆ ಪುಟಗಳನ್ನು ಮೊದಲೇ ಲಾಕ್ ಮಾಡಿಸಿ. ಶುಭಾಶಯ ಸಂದೇಶಗಳನ್ನು ಅರ್ಧ ಪುಟಕ್ಕೆ ಇಳಿಸಿದರೆ ಯಾರಿಗೂ ಬೇಸರ ಇಲ್ಲ, ಅದನ್ನು ಓದುವವರೂ ಇಲ್ಲ.

ಸಂಚಿಕೆ ಬಂದ ಮೇಲೆ ಒಂದು ಪ್ರತಿಯನ್ನು ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ, ಒಂದನ್ನು ಜಿಲ್ಲಾ ಗ್ರಂಥಾಲಯಕ್ಕೆ, ಒಂದನ್ನು ಊರಿನ ಶಾಲೆಗೆ ಕೊಡಿ. ಪಿಡಿಎಫ್ ಅನ್ನು ಇಬ್ಬರು ಮೂವರ ಹತ್ತಿರ ಇಟ್ಟುಬಿಡಿ. ಅಚ್ಚಾಗದೆ ಉಳಿದ ಟಿಪ್ಪಣಿ, ರೆಕಾರ್ಡಿಂಗ್, ಕಾಗದದ ಫೋಟೋಗಳನ್ನೂ ಅದರ ಜೊತೆಗೇ ಇಡಿ. ಬೇರೆ ಸಂಘದವರು ಬಂದು ಕೇಳಿದರೆ ಕೊಡಲು ಬರುತ್ತದೆ.

ಇನ್ನು ಮ್ಯಾಟರ್ ಕೊಡುವ ಸಮಯ. ಬಿಡುಗಡೆಗೆ ಕಡಿಮೆ ಎಂದರೆ ಒಂದು ತಿಂಗಳು ಇರುವಾಗ ಕೊಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಎಲ್ಲ ದೈವಸ್ಥಾನಗಳ ನೇಮ, ದೇವಸ್ಥಾನಗಳ ಬ್ರಹ್ಮಕಲಶ ಒಟ್ಟಿಗೆ ಬರುತ್ತವೆ. ಆಗ ಎರಡು ದಿನ ಮೊದಲು ಬಂದು "ಅಕ್ಕಾ, ಇದೊಂದು ಸ್ವಲ್ಪ" ಅಂದರೆ ನಾನು ಮಾಡಿಕೊಡುತ್ತೇನೆ, ಆದರೆ ಅರಬ್ಬೀ ಸಮುದ್ರದ ತಟದಲ್ಲಿ ಅಂತಲೇ ಶುರುವಾಗುತ್ತದೆ.